ಸೇಂಟ್ ಮೇರಿ ದ್ವೀಪದ ಕಲ್ಲು ಕಂಬಗಳು

ಈ ವರ್ಷದ ಜನವರಿಯಲ್ಲಿ ನಮ್ಮ ಭೂಗೋಳಶಾಸ್ತ್ರದ ಅಧ್ಯಾಪಕರು ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವೊಂದನ್ನು ತೋರಿಸುವುದಾಗಿ ಹೇಳಿದಾಗ ನನ್ನ ಕಣ್ಣ ಮುಂದೆ ಒಂದು ದೊಡ್ಡ ಚಿತ್ರವೇ ನಿಂತಿತು. ಪಠ್ಯಪುಸ್ತಕದಲ್ಲಿರುವಂತೆ ಶಂಕುವಿನಾಕಾರದ ಒಂದು ಬೆಟ್ಟ, ಅದರ ನೆತ್ತಿಯಲ್ಲಿ ಒಂದು ಬಾಯಿ, ಸುತ್ತಲೂ ಕಪ್ಪು ಬೂದಿ. ಬಯಲುಸೀಮೆಯ ನಮ್ಮಲ್ಲಿ ಅನೇಕರು ಅದುವರೆಗೆ ಸಮುದ್ರವನ್ನೇ ಕಂಡವರಲ್ಲ. ಆದುದರಿಂದ ಉತ್ಸಾಹಕ್ಕೆ ಕೊರತೆಯಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಾಗುವ ಹೊತ್ತಿಗೆ ಉಡುಪಿಯನ್ನು ಸೇರಿ, ಅಲ್ಲಿ ತಿಂಡಿ ಮುಗಿಸಿ ಮಲ್ಪೆಯ ಬಂದರಿಗೆ ಬಂದೆವು. ದ್ವೀಪವು ಅಲ್ಲಿಂದ ಸುಮಾರು 6 ಕಿಲೋಮೀಟರು ದೂರ. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ದೋಣಿಗಳು ಹೋಗುವುದಿಲ್ಲ. ಜನವರಿಯ ಕಡಲಾದರೋ ಶಾಂತವಾಗಿತ್ತು. ಆದರೂ ದೋಣಿ ಹೊಯ್ದಾಡಿದಾಗಲೆಲ್ಲ ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ದೋಣಿಯವರು ನಮ್ಮನ್ನು ನೋಡಿ ನಕ್ಕರು. "ಕಲ್ಲಿನ ಮೇಲೆ ನೋಡಿ ನಡೆಯಿರಿ, ನೀರಿಗೆ ಮಾತ್ರ ಇಳಿಯಬೇಡಿ," ಎಂದು ಎರಡು ಸಲ ಹೇಳಿದರು. ಬಂಡೆಗಳ ನಡುವೆ ಅಲೆಯ ಸೆಳೆತ ಹೆಚ್ಚೆಂಬುದನ್ನು ಅಲ್ಲಿಗೆ ಹೋದ ಮೇಲೆ ಕಣ್ಣಾರೆ ಕಂಡೆವು.

1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಶಿಲುಬೆಯನ್ನು ನೆಟ್ಟು ಮೇರಿಯ ಹೆಸರನ್ನಿಟ್ಟನೆಂಬ ಪ್ರತೀತಿಯಿದೆ. ಇದು ಒಂದೇ ದ್ವೀಪವಲ್ಲ, ದ್ವೀಪಗಳ ಸಾಲು. ನಾವು ಇಳಿದದ್ದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಇಳಿದೊಡನೆ ನನ್ನ ಚಿತ್ರ ಅಳಿಸಿಹೋಯಿತು. ಬೆಟ್ಟವಿಲ್ಲ, ಬಾಯಿಯಿಲ್ಲ, ಬೂದಿಯೂ ಇಲ್ಲ. ಮರಳಿಗೆ ಬದಲು ರಾಶಿ ರಾಶಿ ಚಿಪ್ಪುಗಳು. ಅವುಗಳಾಚೆ, ಯಾರೋ ಕಡೆದು ನೆಟ್ಟು ಅರ್ಧಕ್ಕೆ ಬಿಟ್ಟುಹೋದ ಮಂಟಪದಂತೆ ಸಾಲುಸಾಲಾಗಿ ನಿಂತ ಕಲ್ಲು ಕಂಬಗಳು.

ನಮ್ಮ ತರಗತಿಯಲ್ಲಿ ಕಲ್ಲುಕುಟಿಗರ ಮನೆಯ ಗೆಳೆಯನೊಬ್ಬನಿದ್ದಾನೆ. ತರಗತಿಯಲ್ಲಿ ಅವನು ಬಾಯಿ ಬಿಡುವುದು ಅಪರೂಪ. ಅಂದು ಮಾತ್ರ ಕಂಬಗಳನ್ನು ಕಂಡೊಡನೆ, "ಸಾರ್, ಇವನ್ನು ಕಡೆದವರು ಯಾರು?" ಎಂದು ಕೇಳಿಬಿಟ್ಟ. ನಾವೆಲ್ಲ ಗೊಳ್ಳೆಂದು ನಕ್ಕೆವು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅವನ ಮುಖ ಬಾಡಿತು. ಅಧ್ಯಾಪಕರು ನಗಲಿಲ್ಲ. "ಕೇಳಬೇಕಾದ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ. ಕಲ್ಲಿನ ಕೆಲಸ ಬಲ್ಲವನೂ ಅವನೇ. ಪರೀಕ್ಷಿಸಿ ಅವನೇ ಹೇಳಲಿ," ಎಂದರು.

ಅವನು ಕುಕ್ಕುರುಗಾಲಿನಲ್ಲಿ ಕುಳಿತು ಕಂಬಗಳನ್ನು ಅಂಗೈಯಿಂದ ಸವರಿದ. ಮುಖಗಳನ್ನು ಗೇಣಿನಿಂದ ಅಳೆದ. ಆರು ಮುಖದವೇ ಹೆಚ್ಚಾಗಿದ್ದರೂ ನಡುನಡುವೆ ಐದು ಮುಖದವೂ ಏಳು ಮುಖದವೂ ಇದ್ದವು. ಬಹಳ ಹೊತ್ತಿನ ಮೇಲೆ ಎದ್ದು, "ಚಾಣದ ಗುರುತು ಒಂದೂ ಇಲ್ಲ ಸಾರ್. ನಮ್ಮಪ್ಪ ಕಡೆದಿದ್ದರೆ ಮುಖಗಳೆಲ್ಲ ಸಮನಾಗಿರುತ್ತಿದ್ದವು. ಅದೂ ಅಲ್ಲದೆ, ಈ ಕಂಬದ ಮುಖ ಪಕ್ಕದ ಕಂಬದ ಮುಖಕ್ಕೆ ಸರಿಯಾಗಿ ಕೂತಿದೆ. ಬೇರೆ ಬೇರೆ ಕಡೆದು ತಂದು ಹೀಗೆ ಕೂರಿಸಲಾಗದು. ಒಂದೇ ಬಂಡೆ ಸೀಳಿ ಆದದ್ದು," ಎಂದ. ಈಗ ಯಾರೂ ನಗಲಿಲ್ಲ.

ಮುಂದಿನದನ್ನು ಅಧ್ಯಾಪಕರು ವಿವರಿಸಿದರು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ಯಾರು ಕಂಡಿಲ್ಲ? ನೀರು ಆರಿದಂತೆ ಕೆಸರು ಕುಗ್ಗುತ್ತದೆ. ಕುಗ್ಗಲು ಎಡೆಯಿಲ್ಲದೆ ಬಿರುಕು ಬಿಡುತ್ತದೆ. ಲಾವಾರಸವೂ ಹಾಗೆಯೇ. ಕೆಸರು ಕುಗ್ಗುವುದು ನೀರನ್ನು ಕಳೆದುಕೊಂಡು, ಲಾವಾ ಕುಗ್ಗುವುದು ಶಾಖವನ್ನು ಕಳೆದುಕೊಂಡು, ಭೇದ ಅಷ್ಟೇ. ಎಲ್ಲ ದಿಕ್ಕಿಗೂ ಎಳೆತ ಸಮನಾಗಿದ್ದರೆ ಒಂದೊಂದು ಬಿಂದುವಿನಲ್ಲಿ ಮೂರು ಬಿರುಕುಗಳು ಸುಮಾರು 120 ಅಂಶಗಳ ಕೋನದಲ್ಲಿ ಕೂಡುತ್ತವೆ. ಆಗ ನಡುವೆ ಉಳಿಯುವ ಆಕಾರ ಷಟ್ಕೋನ. ಜಾಗವನ್ನು ಸಂದಿಲ್ಲದೆ ಸಮಪಾಲು ಮಾಡಬಲ್ಲ ಆಕಾರಗಳಲ್ಲಿ ಅತಿ ಕಡಮೆ ಗಡಿ ಬೇಡುವುದು ಷಟ್ಕೋನವೇ. ಜೇನುಗೂಡಿನಲ್ಲಿ ಕಾಣುವುದೂ ಅದೇ. ಮೊದಲು ತಣಿದ ಮೇಲ್ಮೈಯಲ್ಲಿ ಹುಟ್ಟಿದ ಬಿರುಕು, ಒಳಗೆ ತಣಿಯುತ್ತ ಹೋದಂತೆಲ್ಲ ತಾನೂ ಒಳಗಿಳಿಯುತ್ತದೆ. ಹೀಗೆ ಉದ್ದವಾದ ಕಂಬಗಳಾಗುತ್ತವೆ. ಲಾವಾ ಎಲ್ಲೆಡೆಯೂ ಒಂದೇ ಸಮನೆ ತಣಿಯದ ಕಾರಣ ಐದು, ಏಳು ಮುಖದವೂ ಹುಟ್ಟುತ್ತವೆ. ಉತ್ತರ ಐರ್ಲೆಂಡಿನ ಕಡಲ ತೀರದಲ್ಲಿ ಇಂಥ ಸುಮಾರು 40,000 ಕಂಬಗಳಿವೆಯಂತೆ.

ನನ್ನ ಸರದಿ ಆಮೇಲೆ ಬಂತು. ಕಳೆದ ಪರೀಕ್ಷೆಯಲ್ಲಿ ಈ ದ್ವೀಪವನ್ನು ದಖ್ಖನಿನ ಲಾವಾ ಪ್ರಸ್ಥಭೂಮಿಯ ತುಣುಕೆಂದು ಬರೆದು ಅಂಕ ಕಳೆದುಕೊಂಡಿದ್ದೆ; ಏಕೆಂದು ಆಗ ತಿಳಿದಿರಲಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಕಡೆಗಳಲ್ಲಿ ಹರಡಿರುವ ದಖ್ಖನಿನ ಶಿಲೆ ಮುಖ್ಯವಾಗಿ ಬಸಾಲ್ಟ್. ಅದರಲ್ಲಿ ಸಿಲಿಕಾ ಸುಮಾರು ಶೇಕಡ 50. ಸೇಂಟ್ ಮೇರಿಯ ಶಿಲೆ ಸಿಲಿಕಾ ಹೆಚ್ಚಾಗಿರುವ ರೈಯೊಲೈಟ್ ಮತ್ತು ರೈಯೊಡೇಸೈಟ್ ಜಾತಿಯದು. ವಯಸ್ಸಿನಲ್ಲಿಯೂ ಅಂತರವಿದೆ. ದಖ್ಖನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇಲ್ಲಿಯದು ಸುಮಾರು 9 ಕೋಟಿ ವರ್ಷಗಳಷ್ಟು ಹಳೆಯದು. ಅದು ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲ. ಮಡಗಾಸ್ಕರಿನಲ್ಲಿಯೂ ಅದೇ ಕಾಲದ ಲಾವಾ ಶಿಲೆಗಳಿವೆ. ಪಶ್ಚಿಮಕ್ಕೆ ಕೈ ತೋರಿಸಿ ಅಧ್ಯಾಪಕರು ಇದನ್ನು ಹೇಳಿದಾಗ, ನಾವು ನಿಂತ ಕಲ್ಲು ಒಡೆದ ಮನೆಯ ಹೊಸಲಿನಂತೆ ನನಗೆ ತೋರಿತು. ಜ್ವಾಲಾಮುಖಿಯ ದ್ವೀಪವೆಂದರೆ ಬೆಂಕಿಯ ಬೆಟ್ಟವೇ ಆಗಬೇಕಿಲ್ಲ. ಹರಿದು ತಣಿದು ಸವೆದು ಉಳಿದ ಲಾವಾರಸದ ಅವಶೇಷವೂ ಆಗಬಹುದು. ಈ ಪಾಠ ಅಂಕ ಕಳೆದುಕೊಂಡಾಗ ತಲೆಗೆ ಹತ್ತಿರಲಿಲ್ಲ. ಕಲ್ಲನ್ನು ಮುಟ್ಟಿದಾಗ ಹತ್ತಿತು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಹಾಗಿದ್ದೂ ಹಿಂದಿರುಗುವ ವೇಳೆಗೆ ಒಂದು ಕಂಬದ ನೆತ್ತಿಯಲ್ಲಿ ಯಾರೋ ತಮ್ಮ ಹೆಸರನ್ನು ಕೆತ್ತಿದ್ದು ಕಣ್ಣಿಗೆ ಬಿತ್ತು. ಕಲ್ಲುಕುಟಿಗರ ಮನೆಯ ಗೆಳೆಯ ಅದರ ಮೇಲೆ ಬೆರಳಾಡಿಸಿ, "ಇದು ಮಾತ್ರ ಮನುಷ್ಯನ ಕೆಲಸ," ಎಂದ.

ದೋಣಿಯಲ್ಲಿ ಅವನ ಪಕ್ಕದಲ್ಲಿ ಕುಳಿತು, ಬೆಳಗ್ಗೆ ನಕ್ಕದ್ದಕ್ಕೆ ಕ್ಷಮೆ ಕೇಳಿದೆ. "ಬಿಡೋ, ನೀನು ಬೆಟ್ಟ ಹುಡುಕ್ತಿದ್ದೆ, ನಾನು ಉಳಿ ಹುಡುಕ್ತಿದ್ದೆ. ಇಬ್ಬರಿಗೂ ಸಿಗಲಿಲ್ಲ," ಎಂದು ಅವನು ನಕ್ಕ. ಆ ದಿನದಿಂದೀಚೆಗೆ ತರಗತಿಯಲ್ಲಿ ಅವನು ಪ್ರಶ್ನೆ ಕೇಳುತ್ತಾನೆ. ನಾವು ಕಿವಿಗೊಟ್ಟು ಕೇಳುತ್ತೇವೆ.