ಕಡತಗಳಿಗೆ ಮರುಪ್ರತಿ

ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪೊನ್ನ ಕವಿಯ ಶಾಂತಿಪುರಾಣವನ್ನು ಓಲೆಗರಿಗಳ ಮೇಲೆ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬ ಕೀರ್ತಿ ಆಕೆಯದು. ಅದೇ ಪೊನ್ನನು ಭುವನೈಕರಾಮಾಭ್ಯುದಯವೆಂಬ ಇನ್ನೊಂದು ಕಾವ್ಯವನ್ನೂ ರಚಿಸಿದ್ದನು. ಶಾಂತಿಪುರಾಣವು ಇಂದಿಗೂ ನಮ್ಮ ಕೈಯಲ್ಲಿದೆ. ಆ ಇನ್ನೊಂದು ಇಡಿಯಾಗಿ ದೊರೆತೇ ಇಲ್ಲ. ಕಾರಣಗಳು ಹಲವಿರಬಹುದಾದರೂ, ಪ್ರತಿಗಳು ಊರೂರಿಗೆ ಹರಡಿದ್ದುದನ್ನು ಕಡೆಗಣಿಸುವಂತಿಲ್ಲ.

ಇದನ್ನು ಬಲ್ಲ ನಾನೇ ಎಡವಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಸಿರುಮುಗೆಯ ನೇಕಾರ ಮನೆತನಗಳ ವೃದ್ಧೆಯರು ಹಾಡುತ್ತಿದ್ದ ಕನ್ನಡ ಪದಗಳನ್ನು ಧ್ವನಿಮುದ್ರಿಸಿ ನನ್ನ ಗಣಕಯಂತ್ರದಲ್ಲಿ ಇರಿಸಿದ್ದೆನು. ನಕಲು ಮಾಡಿರಲಿಲ್ಲವೆಂದಲ್ಲ, ಮಾಡಿದ್ದೆ, ಆದರೆ ಅದೇ ಯಂತ್ರದ ಇನ್ನೊಂದು ಫೋಲ್ಡರಿನಲ್ಲಿ! ಹಾರ್ಡ್ ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋದವು. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ವಿದ್ಯಾರ್ಥಿನಿಯೊಬ್ಬಳ ತಾಯಿ ಕೇಳಿ ಪಡೆದು ತಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದ ಒಂದು ಪದ ಮಾತ್ರ ಉಳಿದಿದೆ.

ಹಾರ್ಡ್ ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ, ಓದುವ ಮೊನೆಯು ಚಲಿಸುತ್ತದೆ. ಯಂತ್ರ ಕೆಳಗೆ ಬಿದ್ದರೆ ಆ ಮೊನೆ ತಟ್ಟೆಯನ್ನು ಗೀಚಬಹುದು. ಪೆನ್ ಡ್ರೈವಿನಲ್ಲಿ ತಿರುಗುವ ಭಾಗಗಳಿಲ್ಲ. ಆದರೆ ಅದು ಅಕ್ಷರಗಳನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುವುದರಿಂದ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಆ ಅಂಶವು ಸೋರಿಹೋಗುವ ಸಂಭವವುಂಟು. ಆದಕಾರಣ ಅದನ್ನೇ ನಂಬಿ ಕೂರಬಾರದು.

ಬಲ್ಲವರು ಹೇಳುವ ಕ್ರಮವು ಸರಳವಾಗಿದೆ: ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಮನೆಯಲ್ಲಿ ಹೊರಗಿನಿಂದ ಜೋಡಿಸುವ ಡಿಸ್ಕ್ ಒಂದಿರಲಿ. ವಾರಕ್ಕೊಮ್ಮೆ ನಕಲು ಮಾಡಿದೊಡನೆ ಅದನ್ನು ಕಳಚಿಡಬೇಕು. ಜೋಡಿಸಿಯೇ ಇಟ್ಟರೆ ಸಿಡಿಲಾಗಲಿ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸಾಗಲಿ ಎರಡನ್ನೂ ಕೆಡಿಸೀತು. ಇನ್ನು ಬೇರೆ ಊರಿನ ಮಾತು. ಪಿಲ್ಲೂರು ಅಣೆಕಟ್ಟು ತುಂಬಿ ಭವಾನಿಗೆ ನೀರು ಬಿಟ್ಟಾಗ ನದಿದಂಡೆಯವರಿಗೆ ಎಚ್ಚರಿಕೆ ಬರುವುದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೂನೂರಿನ ನೆಂಟರ ಮನೆಯಲ್ಲಿ ಒಂದು ಡಿಸ್ಕ್ ಇಟ್ಟರೂ ಆದೀತು. ಕ್ಲೌಡ್ ಎಂಬುದು ಅಂಥದೇ ದೂರದ ಮನೆ. ಹೆಸರಿಗೆ ಮೋಡವಾದರೂ ಅದು ನೆಲದ ಮೇಲಿನ ಕಟ್ಟಡಗಳಲ್ಲಿರುವ ಗಣಕಯಂತ್ರಗಳ ಸಮೂಹವೇ. ಗೂಗಲ್ ಖಾತೆಯೊಂದಕ್ಕೆ 15 ಜಿಬಿ ಜಾಗವು ಉಚಿತವಾಗಿ ದೊರೆಯುತ್ತದೆ. ಆದರೆ ಅಂಚೆ, ಚಿತ್ರ, ಕಡತ ಎಲ್ಲವೂ ಅಷ್ಟರೊಳಗೇ ಇರಬೇಕು. 2 ವರ್ಷ ಬಳಸದ ಖಾತೆಯನ್ನು ಅವರು ಅಳಿಸಿಬಿಡಬಹುದು.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ವಿಷಯವಿದೆ. ಯಂತ್ರವೂ ಕ್ಲೌಡೂ ತಾವಾಗಿಯೇ ಒಂದನ್ನೊಂದು ಹೋಲುವಂತೆ ಮಾಡುವ ಏರ್ಪಾಡಿಗೆ ಸಿಂಕ್ ಎನ್ನುತ್ತಾರೆ. ಇದರಲ್ಲಿ ನೀವು ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಿಂದ ಹಿಂಪಡೆಯಲು ಕೆಲವು ದಿನಗಳ ಅವಕಾಶವಷ್ಟೇ. ಹೀಗಾಗಿ ಸಿಂಕ್ ಒಂದನ್ನೇ ಮರುಪ್ರತಿಯೆಂದು ಎಣಿಸಬಾರದು.

ಪೋಷಕ ಮಹನೀಯರು ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಮನೆಯ ಹಿರಿಯರ ಭಾವಚಿತ್ರಗಳಿಂದ ಆರಂಭಿಸಬಹುದು. ಖಾತೆಯ ಗುಪ್ತಪದವನ್ನು ಮನೆಯಲ್ಲಿ ಇಬ್ಬರಾದರೂ ಬಲ್ಲವರಾಗಿರಲಿ. ವಿದ್ಯಾರ್ಥಿಗಳು ಈ ಬೇಸಿಗೆ ರಜೆಯಲ್ಲಿ ಒಂದು ಪರೀಕ್ಷೆ ಮಾಡಿರಿ: ಮರುಪ್ರತಿಯಿಂದ ಯಾವುದಾದರೊಂದು ಕಡತವನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ತೆರೆದು, ಮೊದಲಿಂದ ಕೊನೆಯವರೆಗೆ ಓದಿ ನೋಡಿರಿ. ಅದು ತೆರೆಯದಿದ್ದರೆ, ಮೂಲವಿನ್ನೂ ಇರುವಾಗಲೇ ಹೊಸ ಪ್ರತಿ ಮಾಡಿಕೊಳ್ಳಿರಿ.