ಮೂರನೆಯ ಬಿಂದು ಇಡದೆ ಗೆರೆ ಎಳೆಯಬೇಡ

ಬಿ.ಎ. ಮುಗಿಸಿ, ಕ್ಯಾಟ್ ದಾಟಿ, ಜೋಕಾದ ಐಐಎಂ ಕಲ್ಕತ್ತಾಕ್ಕೆ ಹೊರಟಿದ್ದೀಯ. ಬಹಳ ಸಂತೋಷ ಮಗಳೇ. 1961ರಲ್ಲಿ ಶುರುವಾದ ಆ ಸಂಸ್ಥೆಗೆ ‘ಫೈನಾನ್ಸ್ ಕ್ಯಾಂಪಸ್’ ಎಂಬ ಅಡ್ಡಹೆಸರೇ ಇದೆ. ಲೆಕ್ಕಕ್ಕೆ ಹೆದರಿ ಅಲ್ಲಿ ದಿನ ದೂಡಲಾಗದು. ಎಸ್ಸೆಸ್ಸೆಲ್ಸಿಯಲ್ಲಿ ಅಂಕಕ್ಕಾಗಿ ಕಲಿತು ಆಮೇಲೆ ಕೈಬಿಟ್ಟೆಯಲ್ಲ, ಆ ರೇಖಾತ್ಮಕ ಸಮೀಕರಣದ ಗ್ರಾಫನ್ನು ಹೋಗುವ ಮೊದಲು ಒಮ್ಮೆ ಕೈಯಾರೆ ಬರೆದು ನೋಡು.

ಡೈಮಂಡ್ ಹಾರ್ಬರ್ ರಸ್ತೆಯ ಬದಿಯಲ್ಲಿ ಒಂದು ಚಹಾ ಅಂಗಡಿ ಇದೆ ಅಂದುಕೊ. ಬಾಡಿಗೆ, ಕೂಲಿ ಸೇರಿ ದಿನಕ್ಕೆ 400 ರೂಪಾಯಿ ಖಾಯಂ ಖರ್ಚು. ಹಾಲು, ಸಕ್ಕರೆ, ಮಣ್ಣಿನ ಕುಡಿಕೆ ಎಲ್ಲ ಸೇರಿ ಒಂದು ಚಹಾಕ್ಕೆ 6 ರೂಪಾಯಿ. ಮಾರುವುದು 10ಕ್ಕೆ. ಚಹಾದ ಸಂಖ್ಯೆ ಎಕ್ಸ್, ರೂಪಾಯಿ ವೈ ಆದರೆ, ಖರ್ಚು: ವೈ = 6ಎಕ್ಸ್ + 400. ಗಳಿಕೆ: ವೈ = 10ಎಕ್ಸ್.

ಮೊದಲು ಕೋಷ್ಟಕ ಬರೆ. ಎಕ್ಸ್‌ಗೆ 0, 50, 150 ಕೊಟ್ಟರೆ ಖರ್ಚು 400, 700, 1300. ಗಳಿಕೆ 0, 500, 1500. ಬಿಂದು ಗುರುತಿಸುವ ಮುನ್ನ ಪ್ರಮಾಣ ಗೊತ್ತುಮಾಡಿಕೊ. ಎರಡೂ ಅಕ್ಷಕ್ಕೆ ಒಂದೇ ಪ್ರಮಾಣ ಇರಬೇಕೆಂಬ ಕಟ್ಟಳೆ ಇಲ್ಲ. 1 ಸೆಂ.ಮೀ.ಗೆ 25 ಎಂದು ಎರಡಕ್ಕೂ ಹಿಡಿದರೆ 1500 ರೂಪಾಯಿ ಮುಟ್ಟಲು 60 ಸೆಂ.ಮೀ. ಹಾಳೆ ಬೇಕು! ಅಡ್ಡಕ್ಕೆ 25 ಚಹಾ, ಉದ್ದಕ್ಕೆ 100 ರೂಪಾಯಿ ಎಂದು ಇಟ್ಟುಕೊ, 15 ಸೆಂ.ಮೀ.ಗೆ ಮುಗಿಯುತ್ತದೆ. ಚಹಾ ಸೊನ್ನೆಗಿಂತ ಕಡಿಮೆ ಮಾರಲಾಗದು, ಹಾಗಾಗಿ ಮೊದಲ ಚತುರ್ಥಕವೊಂದೇ ಸಾಕು.

ಈಗ ಸ್ಕೇಲು ಹಿಡಿದು ಗೆರೆ ಎಳೆ. ಎರಡೂ ಗೆರೆ ಸೇರುವುದು 100 ಚಹಾ, 1000 ರೂಪಾಯಿಯ ಬಿಂದುವಿನಲ್ಲಿ. ಅಲ್ಲಿಂದ ಎಡಕ್ಕೆ ನಷ್ಟ, ಬಲಕ್ಕೆ ಲಾಭ.

ಇಲ್ಲಿ ಒಂದು ಕಡೆ ಜಾಗ್ರತೆ. ಖರ್ಚಿನ ಗೆರೆ 4 ಸೆಂ.ಮೀ. ಬಲಕ್ಕೆ ಹೋಗುವಾಗ 6 ಸೆಂ.ಮೀ. ಮೇಲೇರುತ್ತದೆ. ಚೌಕ ಎಣಿಸಿ ಇಳಿಜಾರು 1.5 ಎಂದು ಬರೆದುಬಿಡುವವರು ಬಹಳ ಮಂದಿ. ಪ್ರಮಾಣ ಹಾಕಿ ನೋಡು: 100 ಚಹಾಕ್ಕೆ 600 ರೂಪಾಯಿ, ಅಂದರೆ ಚಹಾಕ್ಕೆ 6. ಸಮೀಕರಣದಲ್ಲಿ ಇದ್ದದ್ದೂ ಅದೇ. ಖಾಯಂ ಖರ್ಚು 300ಕ್ಕೆ ಇಳಿದರೆ ಗೆರೆ ಓರೆ ಬದಲಿಸದೆ ಕೆಳಗೆ ಸರಿಯುತ್ತದೆ, 75 ಚಹಾಕ್ಕೇ ಅಸಲು ಕೈಸೇರುತ್ತದೆ. ಅದರ ಬದಲು ಮಾರುವ ಬೆಲೆ 9ಕ್ಕೆ ಇಳಿದರೆ ಗಳಿಕೆಯ ಗೆರೆಯೇ ಬಾಗುತ್ತದೆ, 134 ಚಹಾ ಮಾರಬೇಕು. ಗ್ರಾಫ್ ಓದುವುದೆಂದರೆ ಯಾವುದು ಸರಿಯಿತು, ಯಾವುದು ಬಾಗಿತು ಎಂದು ನೋಡುವುದು.

ಸರಳರೇಖೆಗೆ ಎರಡು ಬಿಂದು ಸಾಕಲ್ಲ, ಮೂರನೆಯದು ಏಕೆ ಎನ್ನಬಹುದು. ಎರಡು ಬಿಂದುವಿನಲ್ಲಿ ಒಂದು ತಪ್ಪಿದರೂ ಗೆರೆ ನೆಟ್ಟಗೇ ಬರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಮೂರನೆಯದು ಸಾಲಿಗೆ ಬರದಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ.

ಇನ್ನೂ ಒಂದು ಕಾರಣವಿದೆ. 2022ರ ಡಿಸೆಂಬರ್ 30ರಂದು ಜೋಕಾದಿಂದ ತಾರಾತಲಾಕ್ಕೆ ಮೆಟ್ರೊ ಉದ್ಘಾಟನೆಯಾಯಿತು. ಅದರ ಟಿಕೆಟ್ ದರ ಕಿಲೋಮೀಟರಿಗೆ ಇಷ್ಟೆಂದು ಒಂದೇ ಸಮ ಏರುವುದಿಲ್ಲ. ಇಷ್ಟು ದೂರದವರೆಗೆ ಒಂದು ದರ, ಅದು ದಾಟಿದರೆ ಇನ್ನೊಂದು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡು ನಿಲ್ದಾಣದ ದರ ಹಿಡಿದು ಗೆರೆ ಎಳೆದರೆ, ನಡುವಿನ ನಿಲ್ದಾಣಕ್ಕೆ ಯಾರೂ ಕೊಡದ ದರ ಬರಬಹುದು. ಸಮೀಕರಣದಿಂದ ಬಂದ ಬಿಂದು ಸಾಲು ತಪ್ಪಿದರೆ ನಿನ್ನ ಲೆಕ್ಕ ತಪ್ಪು. ಬೀದಿಯಿಂದ ತಂದ ಬಿಂದು ಸಾಲು ತಪ್ಪಿದರೆ ಅಲ್ಲಿ ಸರಳರೇಖೆಯೇ ತಪ್ಪಿರಬಹುದು.

ಮುಂದೆ ಕಂಪ್ಯೂಟರು ಕ್ಷಣದಲ್ಲಿ ಗೆರೆ ಎಳೆದು ಕೊಡುತ್ತದೆ. ಆ ಗೆರೆ ನಂಬುವಂಥದ್ದೇ ಎಂದು ಕೇಳಬೇಕಾದವಳು ನೀನೇ. ಹೊರಡುವ ಮುನ್ನ ನಾಲ್ಕು ಗ್ರಾಫ್ ಹಾಳೆ ಕೊಂಡು ಈ ಚಹಾ ಅಂಗಡಿಯ ಲೆಕ್ಕ ಬರೆ, ಬಾಡಿಗೆ ಬದಲಿಸು, ಬೆಲೆ ಬದಲಿಸು. ಉಳಿದದ್ದು ತರಗತಿಯಲ್ಲಿ ತಾನಾಗಿ ಹಿಡಿತಕ್ಕೆ ಬರುತ್ತದೆ.