ದುಬೈ ಬಂಗಾರ, ಶಂಷಾಬಾದ್ ಲೆಕ್ಕ

ತಿಂಗಳ ಮಟ್ಟಿಗೆ ದುಬೈಗೆ ಹೊರಟ ಮಾನ್ವಿಯ ದಂಪತಿಗೆ ಮಗಳ ಮದುವೆಯ ಬಂಗಾರವನ್ನು ಅಲ್ಲಿಂದಲೇ ತರುವಾಸೆ. ಹಟ್ಟಿ ಚಿನ್ನದ ಗಣಿಯ ಜಿಲ್ಲೆಯವರಿಗೂ ಈ ಮೋಹ!

ದೇರಾದ ಗೋಲ್ಡ್ ಸೂಕ್‌ನಲ್ಲಿ ದಿನದ ದರದ ಮೇಲೆ ಚೌಕಾಸಿ ನಡೆಯದು. ಮಜೂರಿಯ ಮೇಲೆ ಧಾರಾಳವಾಗಿ ನಡೆಯುತ್ತದೆ. ಬಿಲ್‌ನಲ್ಲಿ ತೂಕ, ಕ್ಯಾರೆಟ್, ಮಜೂರಿ ಬೇರೆ ಬೇರೆ ಬರೆಸಿಕೊಳ್ಳಬೇಕು. ಕನಿಷ್ಠ 250 ದಿರ್ಹಮ್ ಖರೀದಿಗೆ ಪಾಸ್‌ಪೋರ್ಟ್ ತೋರಿಸಿದರೆ ಶೇ 5ರ ವ್ಯಾಟ್‌ನಲ್ಲಿ ಬಹುಪಾಲು ವಾಪಸು.

ತೊಡಕು ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ. ಹೆಂಗಸರಿಗೆ 40, ಗಂಡಸರಿಗೆ 20 ಗ್ರಾಂ ಒಡವೆ ಸುಂಕವಿಲ್ಲದೆ ತರಬಹುದೆಂದು ದೇವದುರ್ಗದ ಬೀಗರು ಹೇಳಿದ್ದಾರಂತೆ. ಬೀಗರ ಮಾತು ಅರ್ಧ ನಿಜ: ಆ ರಿಯಾಯಿತಿ ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿದ್ದವರಿಗೆ ಮಾತ್ರ. ಉಳಿದವರು ರೆಡ್ ಚಾನೆಲ್‌ನಲ್ಲಿ ಘೋಷಿಸಿ ಸುಂಕ ಕಟ್ಟಬೇಕು.

ಆ ಸುಂಕವನ್ನೂ ಕೂಡಿಸಿ ರಾಯಚೂರಿನ ಅಂಗಡಿ ದರದೊಂದಿಗೆ ತಾಳೆ ನೋಡಲಿ. ಹೊರಡುವಾಗ ಮೈಮೇಲಿನ ಹಳೆ ಒಡವೆಗೆ ಕಸ್ಟಮ್ಸ್‌ನಿಂದ ಪ್ರಮಾಣಪತ್ರ ಪಡೆದರೆ ವಾಪಸಾಗುವಾಗ ತಕರಾರಿಲ್ಲ.